ಇಲ್ಲದ ಬೆರಳಿಗೆ ಉಂಗುರ

ಲಾಡು ಕೈಗೆ ಬಂದರೂ ದೇವೀರಮ್ಮನಿಗೆ ಅದನ್ನು ಬಾಯಿಗಿಡುವ ಮನಸ್ಸಾಗಲಿಲ್ಲ. ಸುತ್ತ ಕೂತ ಹೆಂಗಸರು ಕಣ್ಣೊರೆಸಿಕೊಳ್ಳುತ್ತ, ನಗುತ್ತ, ಬಾಯಿ ತುಂಬ ಲಾಡು ತುಂಬಿಕೊಂಡು, ಕಥೆ ಎಷ್ಟು ಚಂದ ಮುಗಿಯಿತು ಅಂತ ಹೇಳಿಕೊಳ್ಳುತ್ತಿದ್ದರು. ಅವಳು ಲಾಡನ್ನು ಸೆರಗಿನ ತುದಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಳು. ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆಯ ಹಿಂದಿನ ಗುಂಡಿಯಲ್ಲಿ ಕೊಳೆಯುವ ಹಣ್ಣಿನ ಸಿಪ್ಪೆಯ ನಾತ ಮೂವತ್ತೈದು ವರ್ಷದಿಂದ ಅವಳ ಮೂಗಿಗೆ ಒಗ್ಗಿಹೋದದ್ದು. ಆವತ್ತು ಮಾತ್ರ ಅದು ಹೊಸದಾಗಿ ಬಂದು ಹೊಡೆಯಿತು.

ಅದು ಎರಡು ಸಾವಿರದ ನಾಲ್ಕನೇ ಇಸವಿ, ಫೆಬ್ರವರಿ. ದೇವರಮನೆ ಗುಡ್ಡದ ಮಗ್ಗುಲಲ್ಲಿರುವ ಸಾಹುಕಾರ್ ಜಯದೇವಪ್ಪನವರ ಎಸ್ಟೇಟಿನಲ್ಲಿ ಪಾರ್ಚ್‌ಮೆಂಟ್ ಆರಿಸುವ ಕೊನೇ ದಿನ. ಹಣ್ಣು ಪಲ್ಪ್ ಮಾಡಿ, ತೊಳೆದು, ಕಣದಲ್ಲಿ ಒಣಗಿಸಿದ ಕಾಫಿ ಬೀಜಕ್ಕೆ ಪಾರ್ಚ್‌ಮೆಂಟ್ ಅನ್ನುತ್ತಾರೆ. ಮೂಟೆ ಕಟ್ಟುವ ಮುಂಚೆ ಹೆಂಗಸರು ಕಣದ ಅಂಚಿನ ಶೆಡ್ಡಿನಲ್ಲಿ ಸಾಲಾಗಿ ಕೂತು, ಮೊರದಲ್ಲಿ ಹರಡಿಕೊಂಡು, ಒಡೆದದ್ದು, ಕಪ್ಪಾದದ್ದು, ಸಿಪ್ಪೆ ಅಂಟಿಕೊಂಡದ್ದು ಎಲ್ಲ ಹೆಕ್ಕಿ ಎಸೆಯಬೇಕು. ಕಣ್ಣಿಗೆ, ಬೆರಳಿಗೆ ಕೆಲಸ. ಕಿವಿ, ಬಾಯಿ ಖಾಲಿ. ಹದಿನೈದು ಹೆಂಗಸರ ಖಾಲಿ ಬಾಯಿ ಒಂದೇ ಮಾಡಿನಡಿ ಸೇರಿದರೆ ಮಧ್ಯಾಹ್ನದೊಳಗೆ ಒಂದು ಜಗಳ ಖಂಡಿತ. ಆ ಜಗಳ ತಪ್ಪಿಸಲಿಕ್ಕೆ ಅಂತಲೇ ಆ ಶೆಡ್ಡಿನಲ್ಲಿ ಓದುವ ರೂಢಿ ಬಿದ್ದದ್ದು.

ಶುರು ಮಾಡಿದವಳು ಆಗ ತೋಟದ ಲೆಕ್ಕ ಬರೆಯುವ ರೈಟರಾಗಿದ್ದ ಏಕಾಂತಪ್ಪನ ಹೆಂಡತಿ. ತೊಂಬತ್ತೊಂದರಲ್ಲಿ ಮೂಡಿಗೆರೆ ಬಸ್‌ಸ್ಟ್ಯಾಂಡಿನಿಂದ ಒಂದು ಪುಸ್ತಕ ತಂದು ಶೆಡ್ಡಿನಲ್ಲಿ ಗಟ್ಟಿಯಾಗಿ ಓದಿದಳು. ಓದುತ್ತ ಕೂತರೆ ಅವಳ ಪಾಲಿನ ಬೀಜ ಆರಿಸುವವರು ಯಾರು? ಅದಕ್ಕೊಂದು ದಾರಿ ಆಯಿತು. ಓದುವವಳ ಮೊರ ಮಧ್ಯದಲ್ಲಿ ಇರಬೇಕು. ಅವಳು ಹಾಳೆ ತಿರುಗಿಸಿದಾಗಲೆಲ್ಲ ಪ್ರತಿಯೊಬ್ಬಳೂ ತಾನು ಆರಿಸಿದ್ದರಲ್ಲಿ ಒಂದು ಹಿಡಿ ಆ ಮೊರಕ್ಕೆ ಹಾಕಬೇಕು. ಒಂದು ಹಾಳೆಗೆ ಒಂದು ಹಿಡಿ. ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಹಾಳೆಯ ಸದ್ದಾದರೆ ಕೈ ತಾನಾಗಿ ಹೋಗುತ್ತಿತ್ತು. ಸಂಜೆ ನೋಡಿದರೆ ಓದಿದವಳ ಮೊರವೇ ಎಲ್ಲರದಕ್ಕಿಂತ ತುಂಬಿರುತ್ತಿತ್ತು. ಕೆಲಸ ಚುರುಕಾದದ್ದು ನೋಡಿ, ಮೂರನೇ ಪುಸ್ತಕದಿಂದ ಸಾಹುಕಾರ್ರೇ ಚಿಕ್ಕಮಗಳೂರಿಂದ ತರಿಸಿಕೊಡತೊಡಗಿದರು. ಓದಿ ಮುಗಿದ ಮೇಲೆ ಪುಸ್ತಕ ಬಂಗಲೆಯ ಬೀರುವಿಗೆ ವಾಪಸ್ಸು ಹೋಗುತ್ತಿತ್ತು. ಬಂಗಲೆಯಲ್ಲಿ ಅದನ್ನು ಯಾರೂ ತೆರೆದು ನೋಡುತ್ತಿರಲಿಲ್ಲ.

ಪುಸ್ತಕ ಅಂದರೆ ಒಂದೇ ಕಥೆಯ ಒಂಬತ್ತು ಪುಸ್ತಕ. ಹೊಗೆಕೋಟೆಯ ಕಥೆ. ಒಂದು ಬೆಟ್ಟದ ತುದಿಯಲ್ಲಿ ಹೊಗೆ ಸುತ್ತಿದ ಕೋಟೆ. ಅಲ್ಲಿನ ದೊರೆಗೆ ನೆರಳಿಲ್ಲ. ಸಮುದ್ರದ ಕಡೆಯಿಂದ ಉಪ್ಪಿನ ಹೊರೆ ಹೊತ್ತು ಬೆಟ್ಟ ಹತ್ತಿ ಬರುವ ಆಳುಗಳು ಬಾಗಿಲಲ್ಲಿ ತಮ್ಮ ನೆರಳನ್ನು ಕಳಚಿಕೊಟ್ಟು ಒಳಗೆ ಹೋಗಬೇಕು. ಹೊರಗೆ ಬರುವಾಗ ಕೇಳಿದರೆ ನಾಳೆ ಬಾ ಅನ್ನುತ್ತಾರೆ. ಹಾಗೆ ಕಿತ್ತುಕೊಂಡ ನೆರಳನ್ನೆಲ್ಲ ಒತ್ತಿ ಒತ್ತಿ ಇಟ್ಟಿಗೆ ಮಾಡಿ ದೊರೆ ಕೋಟೆಗೋಡೆ ಕಟ್ಟಿಸಿದ್ದಾನೆ, ತನ್ನ ಗದ್ದುಗೆ ಮಾಡಿಸಿದ್ದಾನೆ. ಉಪ್ಪು ಹೊರುವವಳೊಬ್ಬಳ ಮಗಳು ಚಿಗರಿ. ಅವಳ ತಾಯಿ ನೆರಳು ಕೊಟ್ಟ ಮೇಲೆ ದಿನದಿನಕ್ಕೆ ಸೊರಗಿ, ದಾರಿಯಲ್ಲಿ ಹೊರೆ ಇಳಿಸುವ ಕಟ್ಟೆಕಲ್ಲಿಗೆ ಒರಗಿ ಕೂತವಳು ಮತ್ತೆ ಏಳುವುದಿಲ್ಲ. ಚಿಗರಿ ತಾಯಿಯ ಹೊರೆಯಿಂದ ಒಂದು ಚಿಟಿಕೆ ಉಪ್ಪು ತೆಗೆದು ಸೆರಗಿಗೆ ಗಂಟು ಹಾಕಿಕೊಳ್ಳುತ್ತಾಳೆ. ಅವ್ವನ ನೆರಳು ಈ ಬೆಟ್ಟ ಇಳಿಯುವವರೆಗೆ ಈ ಗಂಟು ಬಿಚ್ಚುವುದಿಲ್ಲ ಅನ್ನುತ್ತಾಳೆ. ಮೊದಲನೇ ಪುಸ್ತಕ ಅಲ್ಲಿಗೆ ಮುಗಿಯುತ್ತದೆ.

ಅದನ್ನು ಓದಿದ ದಿನ ದೇವೀರಮ್ಮ ಊಟಕ್ಕೆ ಏಳಲಿಲ್ಲ. ಯಾಕೆ ಅಂತ ಯಾರಿಗೂ ಹೇಳಲೂ ಇಲ್ಲ. ಅವಳ ಅವ್ವ ಚಾರ್ಮಾಡಿ ಘಾಟಿಯ ಕಾಲುದಾರಿಯಲ್ಲಿ ಕೆಳಗಿನಿಂದ ಉಪ್ಪು, ಒಣಮೀನು ತಲೆಹೊರೆ ತಂದು ಮಾರುತ್ತಿದ್ದವಳು. ಒಂದು ಸಲ ಹೀಗೇ ಹೊರೆ ಇಳಿಸಿ ಕಲ್ಲಿಗೆ ಒರಗಿದವಳು ಏಳಲಿಲ್ಲ. ದೇವೀರಮ್ಮನಿಗೆ ಆಗ ಒಂಬತ್ತು ವರ್ಷ, ಎರಡನೇ ಕ್ಲಾಸು. ಶಾಲೆ ಅಲ್ಲಿಗೇ ನಿಂತಿತು. ಇದನ್ನೆಲ್ಲ ಯಾವ ಪುಣ್ಯಾತ್ಮ ನೋಡಿ ಬರೆದನೋ ಅಂತ ಅವಳಿಗೆ ಆಶ್ಚರ್ಯ. ಮಾಯ, ಮಂತ್ರ, ಮಾತಾಡುವ ನೀರುನಾಯಿ ಎಲ್ಲ ಬೇರೆಯವರಿಗಿರಲಿ. ಅವಳು ಕಾದದ್ದು ಒಂದಕ್ಕೇ, ಆ ಗಂಟು ಬಿಚ್ಚುವುದು ಯಾವಾಗ, ಹೇಗೆ.

ಕಾಯುವುದು ಅವಳಿಗೆ ಹೊಸದಲ್ಲ, ನೆನಪಿಟ್ಟುಕೊಳ್ಳುವುದೂ ಹೊಸದಲ್ಲ. ಯಾವ ಬ್ಲಾಕಿನಲ್ಲಿ ಯಾವ ವರ್ಷ ಗಿಡ ಇಟ್ಟರು, ಯಾವ ಮರ ಯಾವ ಗಾಳಿಗೆ ಬಿತ್ತು ಅಂತ ರೈಟರುಗಳೇ ಅವಳನ್ನು ಕೇಳಲು ಬರುತ್ತಿದ್ದರು. ಪುಸ್ತಕದ ಒಂದೊಂದು ಮಾತೂ ಹಾಗೇ ಅವಳೊಳಗೆ ಕೂತಿತ್ತು. ವರ್ಷಕ್ಕೊಂದು, ಎರಡು ವರ್ಷಕ್ಕೊಂದು ಪುಸ್ತಕ ಬಂತು. ಐದನೆಯದರ ನಂತರ ಏಕಾಂತಪ್ಪ ಕಳಸದ ಕಡೆಯ ತೋಟಕ್ಕೆ ಹೋದ. ಆಮೇಲೆ ಓದತೊಡಗಿದವಳು ಮೇಸ್ತ್ರಿ ಪುಟ್ಟಸ್ವಾಮಿಯ ಸೊಸೆ ಭವ್ಯಾ. ಪಿಯುಸಿ ಓದಿದ ಹುಡುಗಿ, ಗಂಟಲು ಇಂಪು. ಎಂಟನೇ ಪುಸ್ತಕ ಆದಮೇಲೆ ನಾಲ್ಕು ವರ್ಷ ಏನೂ ಬರಲಿಲ್ಲ. ಬರೆಯುವವರಿಗೆ ಕಣ್ಣು ಮಂಜಾಗಿದೆಯಂತೆ, ಇನ್ನು ಬರೆಯುವುದಿಲ್ಲವಂತೆ ಅಂತ ಸುದ್ದಿ. ಆ ನಾಲ್ಕು ವರ್ಷದಲ್ಲಿ ಶೆಡ್ಡಿನ ಇಬ್ಬರು ಹೆಂಗಸರು ತೀರಿಕೊಂಡರು. ಕೊನೆ ಗೊತ್ತಾಗದೆ ಹೋದರಲ್ಲ ಅಂತ ದೇವೀರಮ್ಮನಿಗೆ ಅವರ ಸಾವಿಗಿಂತ ಅದೇ ಸಂಕಟವಾಗಿತ್ತು.

ಕೊನೆಗೂ ಒಂಬತ್ತನೆಯದು ಬಂತು. ಇಪ್ಪತ್ತು ದಿನ ಓದಿದರು. ಕಡೆಯ ಅಧ್ಯಾಯಗಳನ್ನು ಕಡೆಯ ದಿನಕ್ಕೆ ಉಳಿಸಿಕೊಂಡರು. ಆ ದಿನ ಸಾಹುಕಾರ್ರು ಬಂದು ಕುರ್ಚಿ ಹಾಕಿ ಕೂರುವುದು, ಲಾಡು ಹಂಚುವುದು ಪ್ರತಿವರ್ಷದ ಪದ್ಧತಿ. ಜಯದೇವಪ್ಪನವರು ಬಂದರು, ಕೂತರು, ಕಾಲು ಚಾಚಿದರು. ಪುಟ್ಟಸ್ವಾಮಿ ಅವರ ಹಿಂದೆ ಕೈಕಟ್ಟಿ ನಿಂತ. ಭವ್ಯಾ ಓದತೊಡಗಿದಳು.

ಚಿಗರಿ ಕೋಟೆ ಹೊಕ್ಕಳು. ದೊರೆ ಅವಳನ್ನು ನೋಡಿದ್ದೇ ಪಶ್ಚಾತ್ತಾಪದಿಂದ ಕಣ್ಣೀರಿಟ್ಟ. ತಪ್ಪಾಯಿತು ಮಗಳೇ ಅಂದ. ರಾಜಕುಮಾರ ವೀರಧವಳ ಮುಂದೆ ಬಂದು ಅವಳ ಕೈ ಹಿಡಿದ. ವಾದ್ಯ ಮೊಳಗಿತು, ಆಕಾಶದಿಂದ ಹೂವು ಸುರಿಯಿತು. ಚಿಗರಿ ಅವನ ಉಂಗುರದ ಬೆರಳಿಗೆ ನವರತ್ನದ ಉಂಗುರ ತೊಡಿಸಿದಳು. ಇಬ್ಬರೂ ಗದ್ದುಗೆ ಏರಿ ಕೂತರು. ಹೊರೆಯಾಳುಗಳೆಲ್ಲ ಅಡ್ಡಬಿದ್ದು, ನಮ್ಮಮ್ಮ ಮಹಾರಾಣಿ ನೂರ್ಕಾಲ ಬಾಳಲಿ ಅಂದರು. ಮುಗಿಯಿತು.

ದೇವೀರಮ್ಮನ ಬೆರಳು ಮೊರದಲ್ಲಿ ಎಲ್ಲಿತ್ತೋ ಅಲ್ಲೇ ನಿಂತಿತ್ತು.

ವೀರಧವಳನಿಗೆ ಉಂಗುರದ ಬೆರಳಿಲ್ಲ. ಐದನೇ ಪುಸ್ತಕದಲ್ಲಿ, ಚಿಗರಿಯ ತಮ್ಮನ ನೆರಳು ಕೊಯ್ಯುವಾಗ ಅವನು ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದ, ಬಾಯಿ ಬಿಡಲಿಲ್ಲ. ಬಾಗಿಲು ಮುಚ್ಚಿಕೊಂಡು ಅವನ ಬೆರಳು ಕತ್ತರಿಸಿಹೋಯಿತು. ಸುಮ್ಮನಿದ್ದದ್ದಕ್ಕೆ ಅದು ಅವನ ಗುರುತು. ಏಕಾಂತಪ್ಪನ ಹೆಂಡತಿ ಅದನ್ನು ಓದುವಾಗ ಆಲಿಕಲ್ಲು ಮಾಡಿನ ಮೇಲೆ ಬಿದ್ದ ಸದ್ದಿಗೆ ಸರಿಯಾಗಿ ಕೇಳಿಸದೆ, ಎರಡು ಸಲ ಓದಿಸಿಕೊಂಡಿದ್ದರು. ಮೇಲಾಗಿ ಸೆರಗಿನ ಗಂಟಿನ ಸುದ್ದಿಯೇ ಇಲ್ಲ. ತಾಯಿಯ ನೆರಳಿನ ಸುದ್ದಿಯೇ ಇಲ್ಲ. ಆ ನೆರಳಿನ ಇಟ್ಟಿಗೆ ಸೇರಿಸಿ ಮಾಡಿದ ಗದ್ದುಗೆಯ ಮೇಲೆ ಹೋಗಿ ಚಿಗರಿ ಕೂತಳಂತೆ. ಅಂದರೆ ಅವ್ವನ ಮೇಲೆಯೇ ಕೂತಳು.

ಹೇಸಿಗೆ ಹುಟ್ಟಿದ್ದು ಆಗ. ಬರೆದವನ ಮೇಲೆ ಮೊದಲು. ಹದಿಮೂರು ವರ್ಷ ನಂಬಿಸಿ ಕೊನೆಗೆ ಇಂಥಾ ಎಂಜಲು ಬಡಿಸಿದನಲ್ಲ ಅಂತ. ಆಮೇಲೆ ಅವಳ ಕಣ್ಣು ಮಧ್ಯದ ಮೊರದ ಮೇಲೆ ಬಿತ್ತು. ಭವ್ಯಾಳ ಮೊರ ತಳ ಕಾಣುತ್ತಿತ್ತು. ಒಂದು ತಾಸು ಓದಿದ್ದಾಳೆ. ದೇವೀರಮ್ಮ ಹಿಡಿ ಹಾಕಿದ್ದು ಮೂರೇ ಮೂರು ಸಲ. ಅಂದರೆ ಹಾಳೆ ತಿರುಗಿದ್ದು ಮೂರು ಸಲ. ಪುಸ್ತಕ ಮುಚ್ಚುವಾಗ ಓದದೆ ಉಳಿದ ಹಾಳೆ ಭವ್ಯಾಳ ಬಲಗೈಯಲ್ಲಿ ಅರ್ಧ ಬೆರಳು ದಪ್ಪ ಇತ್ತು.

ಕುರ್ಚಿಯಲ್ಲಿ ಸಾಹುಕಾರ್ರ ತಲೆ ಒಂದು ಕಡೆ ವಾಲಿತ್ತು. ಬಾಯಿ ತುಸು ತೆರೆದಿತ್ತು. ಪುಟ್ಟಸ್ವಾಮಿ ಕೆಮ್ಮಿದ ಮೇಲೆ ಎಚ್ಚರಾಗಿ, ಚೆನ್ನಾಗಿದೆ ಚೆನ್ನಾಗಿದೆ ಅಂದು ಲಾಡಿನ ಡಬ್ಬಿ ತೆಗೆಸಿದರು.

ಸಂಜೆ ಆಳುಗಳ ಲೈನ್‌ಮನೆಯ ಕಡೆ ಹೋಗುವಾಗ ದೇವೀರಮ್ಮ ಭವ್ಯಾಳನ್ನು ಮೆತ್ತಗೆ ಕೇಳಿದಳು, ಕೊನೆಗೆ ಇನ್ನೂ ಹಾಳೆ ಉಳಿದಿತ್ತಲ್ಲ ಅಂತ. ಅದೆಲ್ಲ ಬೇರೆ ಪುಸ್ತಕದ ಜಾಹೀರಾತು ದೊಡ್ಡಮ್ಮ ಅಂತ ಭವ್ಯಾ ಮುಖ ನೋಡದೆ ಹೇಳಿ ಮುಂದೆ ಹೋದಳು. ದೇವೀರಮ್ಮ ಮನೆಗೆ ಬಂದು ಸೆರಗು ಬಿಚ್ಚಿದರೆ ಲಾಡಿಗೆ ಇರುವೆ ಮುತ್ತಿತ್ತು. ಇರುವೆಸಹಿತ ಅದನ್ನು ಬೇಲಿಯಾಚೆ ಎಸೆದು, ಕೈಯನ್ನು ಮೂರು ಸಲ ತೊಳೆದಳು. ತಾನೂ ಅಲ್ಲೇ ಕೂತು ಸುಮ್ಮನೆ ಕೇಳಿಸಿಕೊಂಡೆನಲ್ಲ ಅನ್ನುವುದು ಮಾತ್ರ ನೀರಿಗೆ ಹೋಗಲಿಲ್ಲ.

ನಾಲ್ಕು ದಿನ ಬಿಟ್ಟು ಅವಳು ಬಂಗಲೆಗೆ ಹೋದಳು. ಹಿಂದಿನ ಬಾಗಿಲಲ್ಲಿ ನಿಂತು, ಆ ಪುಸ್ತಕ ಒಂದಷ್ಟು ದಿನಕ್ಕೆ ಬೇಕಿತ್ತು ಅಂದಳು. ಜಯದೇವಪ್ಪನವರಿಗೆ ತಮಾಷೆ ಅನಿಸಿತು.

"ನಿಂಗೆ ಓದಕ್ಕೆ ಬರುತ್ತಾ ದೇವೀರಮ್ಮ?"

"ಅಕ್ಷರ ಗುರುತು ಉಂಟು ಅಯ್ಯಾ. ಅವು ನನ್ನ ಗುರುತು ಇಟ್ಕೊಂಡಾವೋ ಇಲ್ವೋ ನೋಡ್ಬೇಕು."

ಅವರು ನಕ್ಕು, ತಗೊಂಡು ಹೋಗು, ಮಳೆಗಾಲ ಮುಗಿಯುವುದರೊಳಗೆ ತಂದುಕೊಡು, ಗೆದ್ದಲು ಹಿಡಿಸಬೇಡ ಅಂದರು.

ಅವಳು ಓದಿದ್ದು ಆ ಕೊನೇ ದಿನದ ಪಾಲನ್ನೇ, ಭಾನುವಾರ ಹಗಲು ಹೊತ್ತು, ಉಳಿದ ದಿನ ಕೆಲಸ ಬಿಟ್ಟು ಬಂದ ಮೇಲೆ, ಜಗಲಿಯ ಬೆಳಕಿನಲ್ಲಿ. ಒಂದೊಂದು ಅಕ್ಷರವನ್ನೂ ಬೀಜ ಹೆಕ್ಕಿದಂತೆ ಹೆಕ್ಕಿ, ಬೆರಳಿಟ್ಟು, ಬಾಯಲ್ಲಿ ಹೇಳಿ, ಪಕ್ಕದ್ದಕ್ಕೆ ಸೇರಿಸಬೇಕು. ಒತ್ತಕ್ಷರ ಬಂದರೆ ಅರ್ಧ ತಾಸು. ಶಾಲೆಯಲ್ಲಿ ಒತ್ತಕ್ಷರ ಶುರುವಾಗುವ ಹೊತ್ತಿಗೇ ಅವ್ವ ಹೋಗಿದ್ದಳು. ಪಕ್ಕದ ಮನೆಯ ರಂಗಮ್ಮ, ಅವಳ ಓರಗೆಯವಳು, ಎಲೆಯಡಿಕೆ ಜಗಿಯುತ್ತ ಬಂದು ಕೂತು, ಇದ್ಯಾವ ಪರೀಕ್ಷೆ ಕಟ್ಟಿದ್ದೀಯ ಮಾರಾಯ್ತಿ, ಪಾಸಾದರೆ ರೈಟರ್ ಕೆಲಸ ಕೊಡ್ತಾರಾ ಅಂತ ಕಾಲೆಳೆಯುತ್ತಿದ್ದಳು. ಒಂದು ದಿನಕ್ಕೆ ಒಂದು ಪುಟ ಆದರೆ ಹಬ್ಬ. ಮಾರ್ಚಿನಲ್ಲಿ ಹೂಮಳೆ ಬಂತು. ತೋಟವೆಲ್ಲ ಬೆಳ್ಳಗೆ ಅರಳಿ ಮೂರು ದಿನಕ್ಕೆ ಕಂದಿತು. ಅವಳು ಚಿಗರಿಯನ್ನು ಇನ್ನೂ ಕೋಟೆಬಾಗಿಲಿಗೆ ತಂದು ನಿಲ್ಲಿಸುತ್ತಿದ್ದಳು. ಮೇ ಮುಗಿಯಿತು, ಜೂನ್ ಮಳೆ ಹಿಡಿಯಿತು. ಆಗಸ್ಟಿನ ಒಂದು ಭಾನುವಾರ, ಮಳೆ ಒಂದಿಷ್ಟು ಹೊಳವಾದ ಹೊತ್ತಿನಲ್ಲಿ, ಕಡೆಯ ಸಾಲು ಮುಗಿಯಿತು.

ಅದು ಹೀಗಿತ್ತು.

ದೊರೆ ಅತ್ತದ್ದೂ ಇಲ್ಲ, ತಪ್ಪಾಯಿತು ಅಂದದ್ದೂ ಇಲ್ಲ. ಗದ್ದುಗೆ ತೋರಿಸಿ, ಇದರ ಮೇಲೆ ಕೂತುಕೋ, ನಿನ್ನವ್ವನ ನೆರಳು ನಿನ್ನ ಕಾಲಡಿಗೇ ಇರುತ್ತದೆ ಅಂದ. ಚಿಗರಿ ಕೂರಲಿಲ್ಲ. ಹೊರಗೆ ಬಂದಳು. ಬೆಟ್ಟ ಹತ್ತಿ ಬಂದ ಆಳುಗಳಿಗೆ, ಹೊರೆ ಇಲ್ಲೇ ಇಳಿಸಿ ಅಂದಳು, ಅಷ್ಟೇ. ಬಾಗಿಲೊಳಗೆ ಹೋಗಬೇಡಿ, ಗೋಡೆಯ ಬುಡಕ್ಕೆ ಇಳಿಸಿ. ಒಬ್ಬೊಬ್ಬರೇ ಇಳಿಸಿದರು. ಕೋಟೆಯ ಸುತ್ತ ಸೊಂಟದೆತ್ತರ ಉಪ್ಪು ನಿಂತಿತು. ಮಳೆ ಬಂತು. ಉಪ್ಪು ಕರಗಿ ಗೋಡೆಗೆ ಹತ್ತಿತು. ಮಳೆಗಾಲದ ಗೋಡೆ ಉಪ್ಪು ಹತ್ತಿದರೆ ಹೇಗೆ ಉದುರುತ್ತದೋ ಹಾಗೆ ಹೊಗೆಕೋಟೆ ಉದುರಿತು. ಗದ್ದುಗೆ ಸೀಳಿತು. ಇಟ್ಟಿಗೆಯೊಳಗಿದ್ದ ನೆರಳುಗಳೆಲ್ಲ ಬಿಟ್ಟುಕೊಂಡು ಬೆಟ್ಟದ ಇಳಿಜಾರಿನಲ್ಲಿ ನೀರಿನಂತೆ ಹರಿದು, ತಂತಮ್ಮ ಕಾಲು ಹುಡುಕಿಕೊಂಡು ಹೋದವು. ವೀರಧವಳ ನಾಲ್ಕು ಬೆರಳಿನ ಕೈಯಿಂದ ಯಾರದೋ ಖಾಲಿ ಹೊರೆಬುಟ್ಟಿ ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ, ಎಲ್ಲರ ಹಿಂದೆ ಇಳಿದ.

ಚಿಗರಿಯ ಅವ್ವನ ನೆರಳಿಗೆ ಮಾತ್ರ ಹೋಗಲು ಕಾಲಿರಲಿಲ್ಲ. ಕಾಲಿಲ್ಲದ ನೆರಳು ಸಂಜೆಯೊಳಗೆ ಹೊಗೆಯಾಗಿಬಿಡುತ್ತದೆ ಅಂತ ಎರಡನೇ ಪುಸ್ತಕದಲ್ಲೇ ಹೇಳಿತ್ತು. ದೇವೀರಮ್ಮನಿಗೆ ಅದು ನೆನಪಿತ್ತು. ಚಿಗರಿ ನೆರಳನ್ನು ಕರೆದುಕೊಂಡು ಆ ಕಟ್ಟೆಕಲ್ಲಿನ ಹತ್ತಿರ ಬಂದಳು. ಸೆರಗಿನ ಗಂಟು ಬಿಚ್ಚಿದಳು. ಅಷ್ಟು ವರ್ಷದ ಉಪ್ಪು ಒಂದೇ ಹರಳಾಗಿ ಗಟ್ಟಿಯಾಗಿತ್ತು. ಅದನ್ನು ಕಲ್ಲಿನ ಮೇಲಿಟ್ಟು, ಅವ್ವಾ, ಹೊರೆ ಇಳಿಸಿದ್ದಾಯ್ತು, ಕೂತ್ಕೋ ಅಂದಳು. ನೆರಳು ಕೂತುಕೊಂಡಿತು. ಅವತ್ತಿನಿಂದ ಆ ಕಲ್ಲಿಗೆ ಎರಡು ನೆರಳು. ಬಿಸಿಲಿನಲ್ಲಿ ಹತ್ತಿಬರುವವರು ಒಂದರಲ್ಲಿ ಹೊರೆ ಇಡುತ್ತಾರೆ, ಇನ್ನೊಂದರಲ್ಲಿ ತಾವು ಕೂರುತ್ತಾರೆ. ಅಲ್ಲಿಗೆ ಮುಗಿದಿತ್ತು.

ದೇವೀರಮ್ಮ ಪುಸ್ತಕ ಮುಚ್ಚಿ, ಬಹಳ ಹೊತ್ತು ಜಗಲಿಯಲ್ಲೇ ಕೂತಳು. ಹಸಿದವರಿಗೆ ಹೊಟ್ಟೆ ತುಂಬಿದಾಗ ಬರುವಂಥ ಒಂದು ಸುಸ್ತು. ಬರೆದವನ ಮೇಲೆ ಇಟ್ಟಿದ್ದ ಹೇಸಿಗೆಯನ್ನು ಅವಳು ವಾಪಸು ತೆಗೆದುಕೊಂಡಳು. ಆ ಕಣ್ಣು ಮಂಜಾದ ಮನುಷ್ಯ ಒಂದನ್ನೂ ಮರೆತಿರಲಿಲ್ಲ. ಬೆರಳು, ಗಂಟು, ಕಲ್ಲು, ಎಲ್ಲಿಟ್ಟಿದ್ದನೋ ಅಲ್ಲಿಂದಲೇ ತೆಗೆದು ಕೊಟ್ಟಿದ್ದ. ಆದರೆ ಹೇಸಿಗೆ ಕಡಿಮೆಯಾಗಲಿಲ್ಲ, ಜಾಗ ಬದಲಾಯಿಸಿತು. ಇಂಥದ್ದನ್ನು ಭವ್ಯಾ ಕೈಯಲ್ಲಿ ಹಿಡಿದುಕೊಂಡು, ಕಣ್ಣಾರೆ ಓದಿ, ಆಮೇಲೆ ಅದನ್ನು ಮುಚ್ಚಿಟ್ಟು ಆ ಮದುವೆಯ ಗಂಜಿ ಬಡಿಸಿದಳಲ್ಲ.

ಮಾರನೇ ವಾರ ನರ್ಸರಿಯಲ್ಲಿ ಕಳೆ ಕೀಳುವಾಗ ಇಬ್ಬರೇ ಆದರು. ದೇವೀರಮ್ಮ ಪುಸ್ತಕ ಓದಿ ಮುಗಿಸಿದೆ ಅಂದಳು. ಭವ್ಯಾಳ ಕೈ ಕಳೆಯ ಬದಲು ಗಿಡವನ್ನೇ ಕಿತ್ತಿತು. ಆಮೇಲೆ ಅವಳೇ ಹೇಳಿದಳು. ಲಾಡು ಹಂಚಿದ ಹಿಂದಿನ ದಿನ ಮನೆಯಲ್ಲಿ ಒಮ್ಮೆ ಓದಿಕೊಳ್ಳುವಾಗ ಮಾವನಿಗೂ ಕೇಳಿಸಿತು. ಸಾಹುಕಾರ್ರು ಎದುರಿಗೆ ಕೂತಿರುವಾಗ ಆಳುಗಳು ಹೊರೆ ಇಳಿಸಿ ಗದ್ದುಗೆ ಬೀಳಿಸುವುದನ್ನು ಓದುತ್ತೀಯಾ, ನನ್ನ ಮೇಸ್ತ್ರಿಕೆ ತೆಗೆಸುತ್ತೀಯಾ ಅಂತ ಮಾವ ಊಟ ಬಿಟ್ಟು ಎದ್ದರು. ಅದಕ್ಕೇ ಬೇರೆ ಥರ ಹೇಳಿದೆ. ಓದುತ್ತಿರುವ ಹಾಗೆ ಕಾಣಿಸಿದರೆ ಸಾಕಿತ್ತು. ಹೇಳುವ ಭರದಲ್ಲಿ ಹಾಳೆ ತಿರುಗಿಸುವುದೇ ಮರೆತುಹೋಯಿತು.

"ಅಷ್ಟಕ್ಕೂ ಎಲ್ರೂ ಖುಷಿಪಟ್ರಲ್ಲ ದೊಡ್ಡಮ್ಮ. ಅತ್ತರು ಸಹಾ."

"ಇಲ್ಲದ ಬೆರಳಿಗೆ ಉಂಗುರ ಹಾಕ್ಸಿದ್ಯಲ್ಲ ಮಗಾ."

ಯಾವ ಬೆರಳು ಅಂತ ಭವ್ಯಾ ಕೇಳಿದಳು. ಐದನೇ ಪುಸ್ತಕ ಅವಳು ಕೇಳಿರಲೂ ಇಲ್ಲ, ಓದಿರಲೂ ಇಲ್ಲ. ಆರನೆಯದರಿಂದ ಬಂದವಳು, ಹಿಂದಿನದೇನು ಅಂತ ಯಾರನ್ನೂ ವಿಚಾರಿಸಿರಲಿಲ್ಲ. ದೇವೀರಮ್ಮ ಬೆರಳಿನ ಕಥೆ ಹೇಳಿದಳು. ಭವ್ಯಾ ತಲೆ ತಗ್ಗಿಸಿ ಕೇಳಿದಳು. ದೇವೀರಮ್ಮನಿಗೆ ಅಷ್ಟಕ್ಕೇ ಬಿಡುವ ಮನಸ್ಸಾಗಲಿಲ್ಲ.

"ನೀನು ಯಾರಿಗೆ ಹೆದರಿ ಸುಳ್ಳು ಹೇಳಿದ್ಯೋ ಅವ್ರು ಆವಾಗ ನಿದ್ದೆ ಹೊಡೀತಿದ್ರು. ನೀನು ತಲೆ ಎತ್ತಿ ನೋಡ್ಲಿಲ್ಲ."

ಭವ್ಯಾ ಅಳತೊಡಗಿದಳು. ಆ ಅಳುವೂ ದೇವೀರಮ್ಮನಿಗೆ ಸೇರಲಿಲ್ಲ. ಕಿತ್ತ ಗಿಡವನ್ನು ಮತ್ತೆ ಊರಿ, ಬುಡಕ್ಕೆ ಮಣ್ಣು ಒತ್ತಿ, ಬೇರೆ ಸಾಲಿಗೆ ಹೋದಳು.

ಪುಸ್ತಕವನ್ನು ಹೇಳಿದ ಹೊತ್ತಿಗೆ ಬಂಗಲೆಗೆ ಕೊಟ್ಟಳು. ಮುಂದಿನ ವರ್ಷ ಜನವರಿಯಲ್ಲಿ ಶೆಡ್ಡು ತುಂಬಿತು. ಹೊಸ ಪುಸ್ತಕ ಇರಲಿಲ್ಲ, ಇನ್ನು ಬರುವುದೂ ಇಲ್ಲ. ಹೋದ ವರ್ಷದ ಮದುವೆಯನ್ನೇ ಇನ್ನೊಂದು ಸಲ ಓದಿಸೋಣ ಅಂತ ಹೆಂಗಸರು ಅಂದರು. ಭವ್ಯಾ ಬಾಯಿ ಬಿಡಲಿಲ್ಲ. ದೇವೀರಮ್ಮ ತನ್ನ ಮೊರ ಎತ್ತಿಕೊಂಡು ಬಂದು ಮಧ್ಯದಲ್ಲಿ ಕೂತಳು. ಆ ಮದುವೆ ಪುಸ್ತಕದಲ್ಲಿ ಇಲ್ಲ, ಇರುವುದನ್ನು ನಾನು ಓದುತ್ತೇನೆ ಅಂದಳು. ಬೆಳಿಗ್ಗೆಯೇ ಬಂಗಲೆಯಿಂದ ಕೇಳಿ ತಂದಿದ್ದಳು.

ಮೊದಲು ನಕ್ಕರು. ಆಮೇಲೆ ಬೇಸರಪಟ್ಟರು. ಒಂದು ಸಾಲು ಮುಗಿಯುವುದರೊಳಗೆ ಒಬ್ಬಳು ಎದ್ದು ನೀರು ಕುಡಿದು ಬರಬಹುದಿತ್ತು. ದಿನಕ್ಕೆ ನಾಲ್ಕು ಹಾಳೆ ತಿರುಗಿದರೆ ಹೆಚ್ಚು, ಅಂದರೆ ಅವಳ ಮೊರಕ್ಕೆ ತಲೆಗೆ ನಾಲ್ಕೇ ಹಿಡಿ. ಉಳಿದ ಬೀಜ ಆರಿಸಲಿಕ್ಕೆ ಅವಳು ಎಲ್ಲರೂ ಎದ್ದುಹೋದ ಮೇಲೆ ಸಂಜೆಬೆಳಕಿನಲ್ಲಿ ಒಬ್ಬಳೇ ಕೂರುತ್ತಿದ್ದಳು. ಮದುವೆಯೇ ಚೆನ್ನಾಗಿತ್ತು, ಇದೆಂಥ ಕರಕರೆ ಅಂತ ಇಬ್ಬರು ಮೂವರು ಅವಳಿಗೆ ಕೇಳುವಂತೆಯೇ ಗೊಣಗಿದರು. ಸಿಹಿ ತಿಂದು ಕೆಟ್ಟ ಬಾಯಿಗಳು ಅಂತ ಅವಳು ಅವರಿಂದ ಮುಖ ತಿರುಗಿಸಿ ಪುಸ್ತಕಕ್ಕೆ ಬಗ್ಗುತ್ತಿದ್ದಳು. ಪುಟ್ಟಸ್ವಾಮಿ ಬಂದು, ಕೆಲಸ ಹಿಂದೆ ಬೀಳುತ್ತಿದೆ, ಸಾಕು ಮಾಡು ಅಂದ. ಅವಳು ಬೆರಳನ್ನು ಅಕ್ಷರದ ಮೇಲೆ ಹಾಗೇ ಒತ್ತಿ ಹಿಡಿದು ಅವನು ಹೋಗುವವರೆಗೆ ಸುಮ್ಮನಿದ್ದಳು. ಆಮೇಲೆ ಅಲ್ಲಿಂದಲೇ ಮುಂದೆ ಓದಿದಳು.

ಆಳುಗಳು ಹೊರೆ ಇಳಿಸುವಲ್ಲಿಗೆ ಬಂದ ದಿನ ರಂಗಮ್ಮ ಜಗಿಯುವುದು ನಿಲ್ಲಿಸಿದಳು. ಅದನ್ನು ಇನ್ನೊಂದು ಸಲ ಓದು ಅಂದಳು. ದೇವೀರಮ್ಮ ಓದಿದಳು. ಎರಡನೇ ಸಲ ಗೊಣಗುವವರು ಯಾರೂ ಇರಲಿಲ್ಲ. ನಿಧಾನವೇ ಒಳ್ಳೆಯದಾಯಿತೇನೋ, ಒಬ್ಬೊಬ್ಬ ಆಳೂ ಅವಳ ಬಾಯಲ್ಲಿ ಬೆಟ್ಟ ಹತ್ತಿದಷ್ಟೇ ಹೊತ್ತು ತೆಗೆದುಕೊಂಡು ಹೊರೆ ಇಳಿಸಿದ.

ಹಾಗೆ ಎಳೆದು ಎಳೆದು ಓದು ಕೊನೇ ದಿನಕ್ಕೇ ಬಂದು ಮುಟ್ಟಿತು. ಸಾಹುಕಾರ್ರ ಕುರ್ಚಿ ಬಂತು. ಪುಟ್ಟಸ್ವಾಮಿ ಕುರ್ಚಿಯ ಹಿಂದೆ ನಿಂತು ದೇವೀರಮ್ಮನಿಗೆ ಕಣ್ಣಲ್ಲಿ ಬೇಡ ಬೇಡ ಅನ್ನುತ್ತಿದ್ದ. ಅವಳು ಓದಿದಳು. ಗೋಡೆ ಉದುರಿತು. ಗದ್ದುಗೆ ಸೀಳಿತು. ಜಯದೇವಪ್ಪನವರು ಈ ಸಲ ಎಚ್ಚರವಾಗಿಯೇ ಇದ್ದರು. ಬಗ್ಗಿ, ಹತ್ತಿರದ ಮೊರದಿಂದ ಒಂದು ಬೀಜ ತೆಗೆದು, ಹಲ್ಲಿನಲ್ಲಿ ಕಚ್ಚಿ ನೋಡಿದರು.

"ಪುಟ್ಟಸ್ವಾಮಿ, ಇದಕ್ಕೆ ಇನ್ನೊಂದು ಬಿಸಿಲು ಬೇಕು" ಅಂದರು.

ಅಷ್ಟೇ. ಮೂಟೆ ಕಟ್ಟಿದ್ದನ್ನು ನೋಡಲು ಎದ್ದು ಗೋಡೌನಿನ ಕಡೆ ಹೋದರು. ಪುಟ್ಟಸ್ವಾಮಿ ಅವರ ಹಿಂದೆ ಓಡಿದ. ಮಾವ, ಸೊಸೆ ಇಬ್ಬರೂ ಇಷ್ಟಕ್ಕೇ ಹೆದರಿದರಲ್ಲ ಅಂತ ದೇವೀರಮ್ಮನಿಗೆ ಉಗುಳುವಂತಾಯಿತು. ಪುಸ್ತಕ ಕೈಯಲ್ಲಿತ್ತು, ನುಂಗಿಕೊಂಡಳು.

ಆಮೇಲೆ ಓದುತ್ತ ಕಲ್ಲಿನ ಹತ್ತಿರ ಬಂದಳು. ಗಂಟು ಬಿಚ್ಚಿದಳು. ಅವ್ವಾ, ಹೊರೆ ಇಳಿಸಿದ್ದಾಯ್ತು, ಕೂತ್ಕೋ, ಅನ್ನುವುದನ್ನು ಅವಳಿಗೆ ಒಂದೇ ಉಸಿರಿನಲ್ಲಿ ಓದಲಿಕ್ಕೆ ಬಂತು. ಅದೊಂದು ಸಾಲಿಗೆ ಬೆರಳು ಇಡಬೇಕಾಗಲಿಲ್ಲ. ಕೊನೇ ಹಾಳೆ ತಿರುಗಿಸುವ ಮೊದಲು ತಲೆ ಎತ್ತಿ ನೋಡಿದಳು. ಯಾರ ಬೆರಳೂ ಮೊರದಲ್ಲಿ ಆಡುತ್ತಿರಲಿಲ್ಲ. ಯಾರೂ ಅಳುತ್ತಲೂ ಇರಲಿಲ್ಲ. ರಂಗಮ್ಮ ತನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಹೊರಗೆ ಕಣದ ಕಡೆ ನೋಡುತ್ತಿದ್ದಳು.

ಹಾಳೆಯ ಸದ್ದಾಯಿತು. ಎಲ್ಲರಿಗಿಂತ ಮೊದಲು ಭವ್ಯಾ ಎದ್ದು ಬಂದಳು. ಒಂದು ಹಿಡಿಯಲ್ಲ, ಎರಡೂ ಕೈ ತುಂಬ ಬೀಜ ತಂದು ದೇವೀರಮ್ಮನ ಮೊರಕ್ಕೆ ಸುರಿದು, ಏನೋ ಒಂದು ಮಾತು ಬರಲಿ ಅಂತ ಅಲ್ಲೇ ನಿಂತಳು.

ದೇವೀರಮ್ಮ ಪುಸ್ತಕವನ್ನು ಮಡಿಲಲ್ಲಿಟ್ಟು, ಅವಳು ಸುರಿದ ಬೀಜವನ್ನು ಅಂಗೈಯಿಂದ ಹರಡಿದಳು. ಮೂರು ಒಡೆದ ಬೀಜ, ಒಂದು ಕಪ್ಪು ಇತ್ತು. ಅವನ್ನು ಹೆಕ್ಕಿ ಕಣದಾಚೆಗೆ ಎಸೆದಳು. ಉಳಿದದ್ದನ್ನು ಮೊರದಲ್ಲಿ ಬಿಟ್ಟು, ಕಡೆಯ ನಾಲ್ಕು ಸಾಲಿಗೆ ಬೆರಳಿಟ್ಟಳು.